ಕುಡಿ ಚಿವುಟಿ, ಎಲೆ ಬೋಳಿಸಬೇಡಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ದೈತ್ಯ ಕುಂಬಳದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷದಿಂದ, ಎರಡನೆಯ ಸಲ ಕೆಂಪು ಪೆನ್ನು ಹಿಡಿದುಕೊಂಡು. ಕುಂಬಳಕಾಯಿಗೆ ಅರ್ಧ ಪುಟ ಬಿಟ್ಟುಕೊಟ್ಟ ನಿಮ್ಮ ಔದಾರ್ಯ ದೊಡ್ಡದು. ಆದರೆ ಅದರ ನಡುವೆ ಚೌಕಟ್ಟು ಹಾಕಿ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ: ಕಾಯಿ ನಿಂತ ಮೇಲೆ ಪಕ್ಕದ ಬಳ್ಳಿಗಳನ್ನೆಲ್ಲ ಬುಡದಲ್ಲೇ ಕತ್ತರಿಸಿ ಹಾಕಬೇಕು, ಆಗ ಸಾರವೆಲ್ಲ ಒಂದೇ ಕಾಯಿಗೆ ಹರಿಯುತ್ತದೆ, ಕತ್ತರಿಸಿದಷ್ಟೂ ಕಾಯಿ ದೊಡ್ಡದಾಗುತ್ತದೆ. ಪಕ್ಕದಲ್ಲಿ ಒಂದು ಚಿತ್ರ ಬೇರೆ. ಹಗ್ಗದಂಥ ಬೋಳು ಬಳ್ಳಿ, ಅದರ ತುದಿಯಲ್ಲಿ ಆನೆಯಷ್ಟು ಕಾಯಿ. ಆ ಕಾಯಿ ಯಾವ ಎಲೆಯ ಅನ್ನ ತಿಂದು ಅಷ್ಟು ಬೆಳೆಯಿತು ಎಂದು ಚಿತ್ರ ಬರೆದವರನ್ನು ಕೇಳಬೇಕೆನಿಸಿತು.

ನಾನು ದರ್ಜಿ. ಕತ್ತರಿ ಹಿಡಿದು ನಲವತ್ತೊಂದು ವರ್ಷ ಕಳೆದು, ಈಗ ಕಣ್ಣು ಸೂಜಿಯ ಕಣ್ಣನ್ನು ಹುಡುಕಲಾರದೆ ಮನೆಯಲ್ಲಿದ್ದೇನೆ. ಹಿತ್ತಿಲಲ್ಲಿ ಒಂದೇ ಒಂದು ಪಾತಿ, ಪ್ರತಿ ವರ್ಷ ಒಂದೇ ಒಂದು ಗಿಡ. ಐದು ವರ್ಷಗಳಿಂದ ದೊಡ್ಡ ಕಾಯಿಯ ಹುಚ್ಚು. ಕತ್ತರಿಯ ವಿಷಯ ಬಂದರೆ ನನಗೂ ಎರಡು ಮಾತು ಆಡುವ ಹಕ್ಕಿದೆ ಎಂದುಕೊಂಡಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಆ ಚೌಕಟ್ಟಿನ ಮಾತನ್ನು ಅಕ್ಷರಶಃ ನಂಬಿ ಮಾಡಿದವನು ನಾನೇ. ನಿಮ್ಮ ಪತ್ರಿಕೆ ಓದಿ ಅಲ್ಲ, ಯಾರೋ ಹೇಳಿದ್ದನ್ನು ಕೇಳಿ, ಎರಡನೆಯ ವರ್ಷ.

ಮೊದಲ ವರ್ಷ ನಾನು ಏನನ್ನೂ ಕತ್ತರಿಸಿರಲಿಲ್ಲ. ಬಳ್ಳಿ ತನಗೆ ತೋಚಿದ ಕಡೆಗೆಲ್ಲ ಹಬ್ಬಿ, ಬೇಲಿ ಹತ್ತಿ, ಬಟ್ಟೆ ಒಣಗಿಸುವ ತಂತಿಯನ್ನು ಹಿಡಿದು, ಕೊನೆಗೆ ನೀರಿನ ನಲ್ಲಿಯನ್ನೇ ಮುಚ್ಚಿತು. ಏಳು ಕಾಯಿ ಬಿಟ್ಟಿತು. ಏಳೂ ಸಾಧಾರಣ. ಆ ಕಾಡಿನಲ್ಲಿ ಎರಡು ಕಾಯಿ ನನ್ನ ಕಣ್ಣಿಗೆ ಬಿದ್ದದ್ದೇ ಎಲೆ ಒಣಗಿದ ಮೇಲೆ. ಹಾಗಾಗಿ ಎರಡನೆಯ ವರ್ಷ "ಕತ್ತರಿಸದಿದ್ದರೆ ದೊಡ್ಡದಾಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಲು ನಾನು ತುದಿಗಾಲಲ್ಲಿ ನಿಂತಿದ್ದೆ.

ಆ ವರ್ಷ ಕಾಯಿ ನಿಂತ ಇಪ್ಪತ್ನಾಲ್ಕನೆಯ ದಿನ ಮಧ್ಯಾಹ್ನ ಪಾತಿಗೆ ಇಳಿದೆ. ಅಲ್ಲಿಯವರೆಗೆ ಕಾಯಿ ದಿನಕ್ಕೆ ಎರಡು, ಎರಡೂವರೆ ಇಂಚು ಸುತ್ತಳತೆ ಏರುತ್ತಿತ್ತು. ಪಕ್ಕದ ಬಳ್ಳಿಗಳು ಎಡಕ್ಕೆ ಎಂಟು, ಬಲಕ್ಕೆ ಒಂಬತ್ತು. ಎಲ್ಲವೂ ಹತ್ತು ಹನ್ನೆರಡು ಅಡಿ ಉದ್ದ, ಒಂದೊಂದರ ಮೇಲೂ ಮೊರದಗಲದ ಎಲೆಗಳು. ಹದಿನೇಳನ್ನೂ ಒಂದಡಿ ಬಿಟ್ಟು ಕತ್ತರಿಸಿದೆ. ಒಂದೂವರೆ ಗಂಟೆಯ ಕೆಲಸ. ಹಿತ್ತಿಲ ಮೂಲೆಯಲ್ಲಿ ಎಲೆಯ ರಾಶಿ ನನ್ನ ಎದೆಯೆತ್ತರ ಆಯಿತು. ಸಂಜೆ ಹೊತ್ತಿಗೆ ಪಾತಿ ಹೊಸದಾಗಿ ಕ್ಷೌರ ಮಾಡಿಸಿಕೊಂಡ ತಲೆಯಂತೆ ಕಾಣುತ್ತಿತ್ತು, ನನಗೋ ಹೆಮ್ಮೆ. ಮರುದಿನ ಬೆಳಿಗ್ಗೆ ಟೇಪು ಹಿಡಿದೆ: ಒಂದಿಂಚು. ಅದರ ಮರುದಿನ ಅರ್ಧ ಇಂಚು. ಐದನೆಯ ದಿನ ಟೇಪಿನ ಗೆರೆ ಹಿಂದಿನ ದಿನ ನಿಂತಲ್ಲೇ ನಿಂತಿತ್ತು. ನಾನು ಮೂರು ಸಲ ಅಳೆದೆ, ಟೇಪೇ ಹಿಗ್ಗಿದೆಯೇನೋ ಎಂದು ಹೊಸ ಟೇಪು ತಂದು ಅಳೆದೆ. ಅಷ್ಟರಲ್ಲಿ ಎಲೆಯ ನೆರಳು ಹೋಗಿ ನೆತ್ತಿಯ ಬಿಸಿಲು ನೇರವಾಗಿ ಬಿದ್ದು, ಕಾಯಿಯ ಮೇಲ್ಭಾಗದ ಸಿಪ್ಪೆ ಬಿಳಿಚಿ ಗಟ್ಟಿಯಾಗಿತ್ತು. ಗಟ್ಟಿಯಾದ ಸಿಪ್ಪೆ ಹಿಗ್ಗುವುದಿಲ್ಲ. ಕೊನೆಗೆ ತೂಗಿದಾಗ ನಲವತ್ತೊಂದು ಕಿಲೋ. ನನ್ನ ಕಸುಬಿನ ವರ್ಷಗಳ ಲೆಕ್ಕವೂ ಅಷ್ಟೇ ಎಂದು ನನ್ನ ಹೆಂಡತಿ ನೆನಪಿಸಿದಳು. "ಬಟ್ಟೆ ಕೆಡಿಸಿದರೆ ಹೊಸ ಬಟ್ಟೆ ತಂದುಕೊಡುತ್ತಿದ್ದಿರಿ. ಬಳ್ಳಿಗೆ ಏನು ತಂದುಕೊಡುತ್ತೀರಿ?" ಎಂದೂ ಕೇಳಿದಳು.

ತಪ್ಪು ಎಲ್ಲಿ ಎಂದು ತಿಳಿಯಲು ನನಗೆ ಒಂದು ಬೇಸಿಗೆಯೇ ಹಿಡಿಯಿತು. ತಿಳಿದ ಮೇಲೆ ಇಷ್ಟೇನಾ ಎನಿಸಿತು. ಕಾಯಿಗೆ ಬೇಕಾದ ಸಕ್ಕರೆ ಮಣ್ಣಿನಿಂದ ಬರುವುದಿಲ್ಲ. ಮಣ್ಣು ಕೊಡುವುದು ನೀರು ಮತ್ತು ಲವಣ. ಸಕ್ಕರೆ ಮಾಡುವುದು ಎಲೆ, ಬಿಸಿಲಿನ ಬಲದಿಂದ. ಎಲೆಯಲ್ಲಿ ತಯಾರಾದದ್ದು ಬಳ್ಳಿಯೊಳಗಿನ ಫ್ಲೋಯಂ ಎಂಬ ನಾಳಗಳ ಮೂಲಕ ಎಲ್ಲಿ ಬೇಡಿಕೆ ಇದೆಯೋ ಅಲ್ಲಿಗೆ ಹೋಗುತ್ತದೆ: ಕಾಯಿಗೆ, ಬೇರಿಗೆ, ಬಳ್ಳಿಯ ತುದಿಯ ಎಳೆ ಕುಡಿಗೆ. ಈ ಕುಡಿ ಇದೆಯಲ್ಲ, ಅದೇ ಕಾಯಿಯ ನಿಜವಾದ ಪ್ರತಿಸ್ಪರ್ಧಿ. ಎಲೆಯೂ ಹುಟ್ಟುತ್ತಲೇ ದುಡಿಯುವುದಿಲ್ಲ. ಬಿಚ್ಚಿಕೊಂಡು ತನ್ನ ಪೂರ್ಣ ಗಾತ್ರದ ಅರ್ಧದಷ್ಟಾದರೂ ಆಗುವವರೆಗೆ ಅದು ತಾನೇ ಬೇರೆ ಎಲೆಗಳ ಗಳಿಕೆಯನ್ನು ತಿನ್ನುತ್ತಿರುತ್ತದೆ, ಆಮೇಲೆ ಕೊಡುವ ಕೈಯಾಗುತ್ತದೆ. ಈಗ ನಾನು ಮಾಡಿದ್ದನ್ನು ನೋಡಿ. ಸಾಕಿ ಸಲಹಿ ಓದಿಸಿ ಕೆಲಸಕ್ಕೆ ಸೇರಿದ ಮಕ್ಕಳನ್ನೆಲ್ಲ ಮೊದಲ ಸಂಬಳದ ದಿನ ಮನೆಯಿಂದ ಹೊರಗೆ ಹಾಕಿದೆ. ಮನೆ ಉದ್ಧಾರವಾಗಲಿ ಎಂದು!

ಹಾಗಾಗಿ ಬಳ್ಳಿ ಸವರುವವರು ಕೇಳಬೇಕಾದ ಪ್ರಶ್ನೆ "ಎಷ್ಟು ಕತ್ತರಿಸಬೇಕು" ಎಂಬುದಲ್ಲ, "ಯಾವಾಗ, ಯಾವುದನ್ನು" ಎಂಬುದು. ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲವಾದ್ದರಿಂದ ಈ ಪತ್ರ ಉದ್ದವಾಗುತ್ತಿದೆ, ಕ್ಷಮಿಸಬೇಕು.

ಕುಂಬಳದ ಬಳ್ಳಿಯ ಒಂದು ಗೆಣ್ಣನ್ನು ಹತ್ತಿರದಿಂದ ನೋಡಿದವರಿಗೆ ಅರ್ಧ ವಿಷಯ ತಾನಾಗಿಯೇ ತಿಳಿಯುತ್ತದೆ. ಪ್ರತಿ ಗೆಣ್ಣಿನಲ್ಲೂ ಒಂದು ಎಲೆ, ಪಕ್ಕದಲ್ಲಿ ಏನಾದರೂ ಸಿಕ್ಕರೆ ಸುತ್ತಿಕೊಳ್ಳಲು ಒಂದು ಸುರುಳಿ ತಂತು, ಒಂದು ಹೂ ಮೊಗ್ಗು, ಎಲೆಯ ಕಂಕುಳಲ್ಲಿ ಒಂದು ಹೊಸ ಕವಲಿನ ಮೊಳಕೆ. ಅಡಿಯಲ್ಲಿ ಬೇರು ಬಿಡುವ ಬಿಳಿ ಉಬ್ಬು. ಒಂದು ಗೆಣ್ಣೆಂದರೆ ಒಂದು ಇಡೀ ಗಿಡದ ಸಾಮಾನು. ಬೀಜದಿಂದ ಬಂದ ಮುಖ್ಯ ಬಳ್ಳಿಯನ್ನು ನಾನು ತಾಯಿ ಎನ್ನುತ್ತೇನೆ. ಅದರ ಗೆಣ್ಣುಗಳಿಂದ ಪಕ್ಕಕ್ಕೆ ಹೊರಡುವವು ಮಗಳು ಬಳ್ಳಿಗಳು. ಮಗಳ ಗೆಣ್ಣಿನಿಂದ ಹೊರಡುವವು ಮೊಮ್ಮಗಳು ಬಳ್ಳಿಗಳು. ತಾಯಿ ನೆಟ್ಟಗೆ ಹೋಗಬೇಕು. ಮಗಳು ಬಳ್ಳಿಗಳು ಎಡಕ್ಕೂ ಬಲಕ್ಕೂ ಸರಿಯಾಗಿ ಅಡ್ಡಲಾಗಿ ಹೋಗಬೇಕು, ಬಾಚಣಿಗೆಯ ಹಲ್ಲುಗಳ ಹಾಗೆ. ಮೊಮ್ಮಗಳು ಮಾತ್ರ ಬೇಡ. ಕಂಡ ಕೂಡಲೇ ಚಿವುಟಬೇಕು.

ಬುಡದ ಹತ್ತಿರದ ಮಗಳು ಮೊದಲು ಹುಟ್ಟುತ್ತಾಳೆ, ಹೆಚ್ಚು ಉದ್ದ ಬೆಳೆಯುತ್ತಾಳೆ. ಮುಂದಿನವರು ತಡವಾಗಿ ಹುಟ್ಟಿ ಚಿಕ್ಕವರಾಗಿಯೇ ನಿಲ್ಲುತ್ತಾರೆ. ಮೇಲಿನಿಂದ ನೋಡಿದರೆ ಬುಡದಲ್ಲಿ ಅಗಲ, ತುದಿಯಲ್ಲಿ ಚೂಪು, ಕಳಿಯಿಟ್ಟ ಲಂಗವನ್ನು ನೆಲಕ್ಕೆ ಹಾಸಿದಂತೆ ಒಂದು ತ್ರಿಕೋನ. ನಾನು ಬುಡದ ಬಳ್ಳಿಗಳನ್ನು ಹನ್ನೆರಡು ಅಡಿಗೆ, ಮುಂದಿನವನ್ನು ಎಂಟು ಅಡಿಗೆ ನಿಲ್ಲಿಸುತ್ತೇನೆ. ನಿಲ್ಲಿಸುವುದೆಂದರೆ ತುದಿಯ ಕುಡಿಯನ್ನಷ್ಟೇ ಚಿವುಟಿ, ಚಿವುಟಿದ ತುದಿಯನ್ನು ಮಣ್ಣಿನಲ್ಲಿ ಮುಚ್ಚುವುದು. ಆ ಬಳ್ಳಿಯ ಮೇಲಿನ ಒಂದು ಎಲೆಯನ್ನೂ ಮುಟ್ಟುವುದಿಲ್ಲ. ಉದ್ದ ಬೆಳೆಯುವ ಆಸೆ ಅಲ್ಲಿಗೆ ಮುಗಿಯಿತು, ಇನ್ನು ಉಳಿದದ್ದು ಗಳಿಕೆ ಮಾತ್ರ. ತಾಯಿಬಳ್ಳಿಯನ್ನು ಕಾಯಿಯಿಂದ ಮುಂದೆ ಹತ್ತು ಅಡಿ ಹೋಗಲು ಬಿಟ್ಟು ನಿಲ್ಲಿಸುತ್ತೇನೆ. ಜಾಗ ಇದ್ದವರು ಇನ್ನೂ ಬಿಡಬಹುದು. ನನಗೆ ಅಲ್ಲಿ ಗೋಡೆ ಬಂತು.

ಚಿವುಟಲು ಹದ ಬೇಕು. ಮೊಮ್ಮಗಳು ಬಳ್ಳಿ ಬೆರಳುದ್ದ ಇರುವಾಗ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಪಕ್ಕಕ್ಕೆ ಬಗ್ಗಿಸಿದರೆ ಟಕ್ಕನೆ ಮುರಿಯುತ್ತದೆ. ಮುರಿದ ಬಾಯಲ್ಲಿ ತಿಳಿಯಾದ ರಸದ ಹನಿಗಳು ಮೂಡುತ್ತವೆ. ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಆ ಹನಿ ಅಂಟಿನಂತೆ ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಬೆರಳಿಗೆ ಹತ್ತಿದ್ದು ಒಣಗಿದ ಮೇಲೆ ಸಿಪ್ಪೆಯಂತೆ ಎದ್ದುಬರುತ್ತದೆ. ಬಳ್ಳಿಗೆ ತನ್ನದೇ ಹೊಲಿಗೆ ಗೊತ್ತು ಎಂದು ನಾನು ಮೊದಲ ಸಲ ನೋಡಿದಾಗ ಅಂದುಕೊಂಡೆ. ಇದೇ ಮೊಮ್ಮಗಳನ್ನು ಹತ್ತು ದಿನ ಮರೆತರೆ ಅವಳು ಹೆಬ್ಬೆರಳಿನ ದಪ್ಪವಾಗಿ, ಐದಾರು ಎಲೆ ಬಿಟ್ಟು, ಒಳಗೆ ಟೊಳ್ಳಾಗಿರುತ್ತಾಳೆ. ಆಗ ಕತ್ತರಿಸಿದರೆ ಗಾಯ ದೊಡ್ಡದು, ಟೊಳ್ಳಿನೊಳಗೆ ನೀರು ನಿಂತು ಕೊಳೆತ ಶುರುವಾಗುತ್ತದೆ, ಬೆಳೆಸಿದ ಎಲೆಗಳ ಖರ್ಚೂ ದಂಡ. ಅಷ್ಟು ಬೆಳೆದು ಎಲೆ ಅಗಲಿಸಿದ್ದರೆ, ಕೆಳಗಿನ ಎಲೆಗಳಿಗೆ ನೆರಳು ಮಾಡದಿದ್ದರೆ, ನಾನು ಅವಳ ತುದಿಯನ್ನಷ್ಟೇ ಚಿವುಟಿ ಎಲೆಗಳನ್ನು ದುಡಿಯಲು ಬಿಡುತ್ತೇನೆ. ದೊಡ್ಡ ಬೆಳೆಗಾರರಲ್ಲಿ ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ನನ್ನ ಪಾತಿ, ನನ್ನ ಬೆರಳು.

ಇದು ಒಂದು ದಿನದ ಕೆಲಸವಲ್ಲ, ದಿನದ ಕೆಲಸ. ಬಿಸಿಲೂ ನೀರೂ ಹದವಾಗಿದ್ದರೆ ತಾಯಿಬಳ್ಳಿ ದಿನಕ್ಕೆ ಒಂದಡಿಯ ಹತ್ತಿರ ಓಡುತ್ತದೆ. ಒಂದು ವಾರ ಪಾತಿಗೆ ಬೆನ್ನು ಹಾಕಿದವನು ವಾಪಸ್ ಬಂದು ಕತ್ತರಿಯನ್ನೇ ಹಿಡಿಯಬೇಕಾಗುತ್ತದೆ. ನಾನು ಬೆಳಿಗ್ಗೆ ಏಳರಿಂದ ಎಂಟರವರೆಗೆ ಪಾತಿಯಲ್ಲಿ ಕೂರುತ್ತೇನೆ. ಇಬ್ಬನಿ ಆರಿರಬೇಕು, ಮಳೆಯ ಮೋಡ ಇರಬಾರದು. ಬೆಳಿಗ್ಗೆ ಆದ ಗಾಯ ಸಂಜೆಗೆ ಒಣಗಿರುತ್ತದೆ. ಸಂಜೆ ಮಾಡಿದ ಗಾಯ ರಾತ್ರಿಯಿಡೀ ತೇವದಲ್ಲಿರುತ್ತದೆ. ಕಾಯಿ ಓಡುವ ದಿನಗಳಲ್ಲಿ ಒಂದೇ ಹೊತ್ತಿಗೆ ಹೆಚ್ಚು ಚಿವುಟುವುದಿಲ್ಲ. ಆಯುಧ ಬೇಕಾದಾಗ ದಾರ ಕತ್ತರಿಸುವ ಸಣ್ಣ ಕಟ್ಟರ್ ಇದೆ, ಸ್ಪಿರಿಟ್‌ನಲ್ಲಿ ಒರೆಸಿ ಬಳಸುತ್ತೇನೆ. ರೋಗ ಹಿಡಿದ ಎಲೆ ಕತ್ತರಿಸಿದ ಅಲಗು ಮುಂದಿನ ಗಾಯಕ್ಕೆ ಅದನ್ನೇ ದಾಟಿಸುತ್ತದೆ. ಬಟ್ಟೆಯ ಕತ್ತರಿಯನ್ನು ಮಾತ್ರ ಮುಟ್ಟುವುದಿಲ್ಲ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದ ಹುಡುಗರಿಗೆ ಅಂಗಡಿಯಲ್ಲಿ ನಾನು ಬೈದದ್ದು ಅವರಿಗೆ ಇವತ್ತಿಗೂ ನೆನಪಿರಬೇಕು.

ಬಳ್ಳಿಯನ್ನು ಮಣ್ಣಿನಲ್ಲಿ ಮುಚ್ಚುವುದು ಸವರುವುದರ ಇನ್ನೊಂದು ಮುಖ. ಇದನ್ನು ಲೇಖನ ಪೂರ್ತಿ ಮರೆತಿದೆ. ಗೆಣ್ಣಿನ ಅಡಿಯ ಬಿಳಿ ಉಬ್ಬು ಮಣ್ಣು ತಾಗಿದರೆ ಬೇರಾಗುತ್ತದೆ. ತಾಯಿಗೂ ಮಗಳಿಗೂ ಗೆಣ್ಣು ಗೆಣ್ಣಿಗೆ ಒಂದೊಂದು ಬೊಗಸೆ ಮಣ್ಣು ಕೊಟ್ಟರೆ, ಬುಡದ ಒಂದು ಬೇರಿನ ಬದಲು ಪಾತಿಯ ತುಂಬ ನೂರಾರು ಬೇರುಗಳು ನೀರು ಕುಡಿಯುತ್ತವೆ. ಗಾಳಿಗೆ ಬಳ್ಳಿ ಮಗುಚುವುದಿಲ್ಲ. ಬುಡವೇ ಕೊಳೆತರೂ ಗಿಡ ಬದುಕುತ್ತದೆ. ಮೊಮ್ಮಗಳು ಬಳ್ಳಿಗಳನ್ನು ತೆಗೆಯುವುದಕ್ಕೆ ಅರ್ಧ ಕಾರಣವೇ ಇದು. ಅವಳನ್ನು ಬಿಟ್ಟರೆ ಎರಡು ಸಾಲುಗಳ ನಡುವೆ ಕಾಲಿಡಲು ಜಾಗವಿಲ್ಲ, ಮಣ್ಣು ಮುಚ್ಚಲು ಕೈ ಹೋಗುವುದಿಲ್ಲ, ಎಲೆಯ ಮೇಲೆ ಎಲೆ ಬಿದ್ದು ಗಾಳಿಯಾಡದೆ ಬೂದಿ ರೋಗ ಬರುತ್ತದೆ. ಸುರುಳಿ ತಂತುಗಳನ್ನೂ ತೆಗೆಯುತ್ತೇನೆ. ಅವು ಪಕ್ಕದ ಎಲೆಯ ಕೊರಳನ್ನೇ ಸುತ್ತಿ ಎಳೆಯುತ್ತವೆ.

ಇನ್ನು ಕಾಯಿ. ಮಗಳು ಬಳ್ಳಿಯ ಮೇಲೆ ಕಾಣುವ ಹೆಣ್ಣು ಹೂಗಳನ್ನೆಲ್ಲ ಕೀಳುತ್ತೇನೆ. ತಾಯಿಬಳ್ಳಿ ಬುಡದಿಂದ ಹತ್ತು ಹನ್ನೆರಡು ಅಡಿ ದಾಟಿದ ಮೇಲೆ ಬರುವ ಹೆಣ್ಣು ಹೂಗಳಿಗೆ ಮಾತ್ರ ಅವಕಾಶ. ಅದಕ್ಕಿಂತ ಮುಂಚೆ ನಿಂತ ಕಾಯಿಗೆ ಬೆನ್ನಿಗೆ ಸಾಕಷ್ಟು ಎಲೆ ಇರುವುದಿಲ್ಲ. ನಾಳೆ ಅರಳುವ ಹೂವಿನ ದಳಗಳ ತುದಿಗೆ ಇಂದು ಸಂಜೆಯೇ ಹಳದಿ ಬಣ್ಣ ಬಂದಿರುತ್ತದೆ. ಆ ತುದಿಯನ್ನು ನೂಲಿನಿಂದ ಸಡಿಲವಾಗಿ ಕಟ್ಟುತ್ತೇನೆ, ಗಂಡು ಹೂಗಳಿಗೂ ಹಾಗೆಯೇ. ಜೇನುನೊಣ ನನಗಿಂತ ಮುಂಚೆ ಹೋಗಬಾರದು. ಬೆಳಿಗ್ಗೆ ನೂಲು ಬಿಚ್ಚಿ, ಗಂಡು ಹೂವಿನ ದಳ ಹರಿದು, ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿನ ಪ್ರತಿ ಹಾಲೆಗೂ ಸವರಿ, ಮತ್ತೆ ನೂಲು ಕಟ್ಟುವುದು. ನಲವತ್ತು ವರ್ಷ ಬೇರೆಯವರ ಗುಂಡಿ ಹಾಕಿದ ಬೆರಳುಗಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಎರಡು ಮೂರು ಹೀಚು ನಿಂತರೆ ಹತ್ತು ಹನ್ನೆರಡು ದಿನ ಎಲ್ಲವನ್ನೂ ಅಳೆದು, ವೇಗವಾಗಿ ಹಿಗ್ಗುವ ಒಂದನ್ನು ಉಳಿಸಿ ಉಳಿದವನ್ನು ತೆಗೆಯುತ್ತೇನೆ. ಆ ದಿನ ಹೆಂಡತಿ ಹಿತ್ತಿಲಿಗೆ ಬರುವುದಿಲ್ಲ.

ಲೇಖನಕ್ಕೆ ನ್ಯಾಯ ಸಲ್ಲಿಸಲು ಒಂದು ಮಾತು ಹೇಳಬೇಕು. ಪಕ್ಕದ ಬಳ್ಳಿಯನ್ನು ಬುಡದಲ್ಲೇ ತೆಗೆಯಬೇಕಾದ ಜಾಗವೊಂದು ಇದ್ದೇ ಇದೆ: ಕಾಯಿ ಕೂತಿರುವ ಗೆಣ್ಣಿನಲ್ಲಿ ಮತ್ತು ಅದರ ಆಚೆ ಈಚೆ. ಇದನ್ನು ನಾನು ಕಲಿತದ್ದು ಮೂರನೆಯ ವರ್ಷ, ಅದೂ ಕೆಟ್ಟ ರೀತಿಯಲ್ಲಿ. ಆ ವರ್ಷ ಎಲೆಗಳನ್ನು ಕಣ್ಣಿನಂತೆ ಕಾಪಾಡಿದೆ. ಒಂದೇ ಒಂದು ಮಗಳನ್ನೂ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕಾಯಿಯ ಎರಡೂ ಪಕ್ಕದ ಗೆಣ್ಣುಗಳಲ್ಲಿ ಬಳ್ಳಿ ಭದ್ರವಾಗಿ ಬೇರೂರಿತ್ತು. ಕಾಯಿ ಮೂವತ್ತೈದು ದಿನಕ್ಕೆ ನನ್ನ ಮೊಣಕಾಲಿನೆತ್ತರ ಬಂತು. ಕಾಯಿ ಎತ್ತರವಾದಂತೆ ಅದರ ಭುಜ ತೊಟ್ಟನ್ನೂ ಬಳ್ಳಿಯನ್ನೂ ಮೇಲಕ್ಕೆ ಎತ್ತುತ್ತದೆ. ಬಳ್ಳಿ ನೆಲಕ್ಕೆ ಹೊಲಿದ ಹಾಗೆ ಕೂತಿದ್ದರೆ ಮೇಲೇಳುವುದು ಹೇಗೆ? ಒಂದು ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿನ ಅಡಿಯಲ್ಲಿ ಒಂದು ಸೀಳು, ನನ್ನ ಕಿರುಬೆರಳು ತೂರುವಷ್ಟು. ಒಳಗೆ ಒದ್ದೆ. ತುಂಬ ಬಿಗಿಯಾಗಿ ಹೊಲಿದ ತೋಳು ಕಂಕುಳಲ್ಲಿ ಬಿಟ್ಟುಕೊಳ್ಳುತ್ತದಲ್ಲ, ಸಾಕ್ಷಾತ್ ಹಾಗೆಯೇ. ಪ್ರತಿ ಬಟ್ಟೆಗೂ ಒಳಗೆ ಅರ್ಧ ಇಂಚು ಬಿಡಿಸಿಕೊಳ್ಳಲು ಬಟ್ಟೆ ಬಿಡುತ್ತಿದ್ದ ನಾನು ಕಾಯಿಗೆ ಬಿಟ್ಟಿರಲಿಲ್ಲ. ನಾಲ್ಕನೆಯ ದಿನಕ್ಕೆ ವಾಸನೆ ಬಂತು.

ಆಮೇಲಿನ ವರ್ಷದಿಂದ, ಹೀಚು ತೆಂಗಿನಕಾಯಿಯ ಗಾತ್ರ ಇರುವಾಗಲೇ ಅದರ ಆಚೆ ಈಚೆ ಎರಡೆರಡು ಅಡಿಯವರೆಗೆ ತಾಯಿಬಳ್ಳಿಯ ಬೇರುಗಳನ್ನು ಬಿಡಿಸುತ್ತೇನೆ, ಆ ಗೆಣ್ಣುಗಳಿಗೆ ಮಣ್ಣು ಕೊಡುವುದಿಲ್ಲ. ಕಾಯಿಗೆ ಒತ್ತುವ ಮಗಳು ಬಳ್ಳಿಯನ್ನು ಮೊಳಕೆಯಲ್ಲೇ ತೆಗೆಯುತ್ತೇನೆ. ತಾಯಿಬಳ್ಳಿಯನ್ನು ದಿನಕ್ಕೆ ಒಂದೆರಡು ಇಂಚಿನಂತೆ ಬಾಗಿಸಿ, ಕಾಯಿಯ ಭುಜದಿಂದ ದೂರಕ್ಕೆ ತಂದು, ತೊಟ್ಟು ಬಳ್ಳಿಗೆ ನೇರ ಕೋನದಲ್ಲಿ ನಿಲ್ಲುವಂತೆ ಮಾಡುತ್ತೇನೆ. ಈ ಬಾಗಿಸುವ ಕೆಲಸವನ್ನು ಬಿಸಿಲೇರಿ ಬಳ್ಳಿ ಸ್ವಲ್ಪ ಬಾಡಿದಂತಿರುವ ಮಧ್ಯಾಹ್ನವೇ ಮಾಡಬೇಕು. ಬೆಳಗಿನ ಬಳ್ಳಿ ನೀರು ತುಂಬಿ ಸೆಟೆದು ನಿಂತಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಕಾಯಿಗೆ ಬಟ್ಟೆಯ ಚಪ್ಪರ ಹಾಕುತ್ತೇನೆ. ಅದನ್ನು ಹೊಲಿದದ್ದು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ನಾಲ್ಕನೆಯ ವರ್ಷದ ಕಾಯಿ 138 ಕಿಲೋ ತೂಗಿತು. ಸುತ್ತಳತೆ ನೂರಾ ಮೂರು ಇಂಚು. ದರ್ಜಿಯ ಟೇಪು ಇರುವುದೇ ಅರವತ್ತು ಇಂಚು. ಅಷ್ಟಕ್ಕಿಂತ ದಪ್ಪದ ಗಿರಾಕಿ ನನ್ನ ಅಂಗಡಿಗೆ ಯಾವತ್ತೂ ಬಂದಿರಲಿಲ್ಲ. ಎರಡು ಟೇಪುಗಳನ್ನು ಸೇರಿಸಿ ಹೊಲಿದೆ. ಒಂದು ವಾರ ಅದು ದಿನಕ್ಕೆ ಮೂರೂವರೆ ಇಂಚು ಏರಿತು. ಬೆಳಿಗ್ಗೆ ಚಾಕ್‌ನಿಂದ ಎಳೆದ ಗುರುತು ಸಂಜೆಗೆ ಜಾಗ ಬಿಟ್ಟಿರುವುದು ಕಣ್ಣಿಗೇ ಕಾಣುತ್ತಿತ್ತು.

138 ಕಿಲೋ ಎಂಬುದು ಲೋಕದ ಲೆಕ್ಕದಲ್ಲಿ ಏನೂ ಅಲ್ಲ ಎಂದು ನನಗೆ ಗೊತ್ತಿದೆ. ಕೆನಡಾದ ವಿಲಿಯಂ ವಾರ್ನಾಕ್ 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಕಳಿಸಿದ ಕಾಯಿಯೇ 181 ಕಿಲೋ ಇತ್ತು. 1904ರಲ್ಲಿ ಸೇಂಟ್ ಲೂಯಿಯಲ್ಲಿ ಅವರೇ ಅದನ್ನು ಒಂದೆರಡು ಕಿಲೋ ಹೆಚ್ಚಿಸಿದರು. ಆ ತೂಕವನ್ನು ಯಾರಾದರೂ ಮೀರಲು 1976ರವರೆಗೆ ಕಾಯಬೇಕಾಯಿತು. ಲೇಖನದಲ್ಲಿ ವಿಶ್ವದಾಖಲೆ 1,247 ಕಿಲೋ ಎಂದು ಬರೆದಿದೆ. ಅದು 2023ರಲ್ಲಿ ಅಮೆರಿಕದ ಟ್ರ್ಯಾವಿಸ್ ಗಿಂಜರ್ ತಂದ ಕಾಯಿ, ಈಗ ಹಳೆಯ ಮಾತು. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಅವಳಿ ಸಹೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಅವರ ಕಾಯಿ 1,278.8 ಕಿಲೋ ತೂಗಿದೆ. ಈ ತಿದ್ದುಪಡಿಯನ್ನಾದರೂ ದಯವಿಟ್ಟು ಪ್ರಕಟಿಸಿ.

ದಾಖಲೆಯ ಕೀರ್ತಿಯನ್ನೆಲ್ಲ ಕತ್ತರಿಗೆ ಕೊಟ್ಟದ್ದೂ ನನಗೆ ಸರಿ ಕಾಣಲಿಲ್ಲ. ಕತ್ತರಿಯವನಾದ ನಾನೇ ಹೇಳುತ್ತಿದ್ದೇನೆ. ಮೊದಲು ಬೀಜ. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೊವರ್ಡ್ ಡಿಲ್ ಎಂಬ ರೈತ ವರ್ಷಾನುಗಟ್ಟಲೆ ದೊಡ್ಡ ಕಾಯಿಗಳನ್ನು ಆರಿಸಿ ಆರಿಸಿ ಒಂದು ತಳಿ ಮಾಡಿದರು, 1979ರಿಂದ ಸತತ ನಾಲ್ಕು ವರ್ಷ ಲೋಕದ ಅತಿ ದೊಡ್ಡ ಕಾಯಿ ಅವರದೇ. ಡಿಲ್ಸ್ ಅಟ್ಲಾಂಟಿಕ್ ಜಯಂಟ್ ಎಂಬ ಆ ತಳಿಯ ಸಂತಾನವೇ ಇಂದಿನ ದೈತ್ಯರೆಲ್ಲ. 1996ರಲ್ಲಿ ಸಾವಿರ ಪೌಂಡು, ಅಂದರೆ ಸುಮಾರು 454 ಕಿಲೋ, ದಾಟಿತು. 2012ರಲ್ಲಿ ಅದರ ಎರಡರಷ್ಟು, 2014ರಲ್ಲಿ ಸಾವಿರ ಕಿಲೋ. ಮಾಮೂಲಿ ಕುಂಬಳದ ಬೀಜ ಹಾಕಿ ಎಷ್ಟು ಚಿವುಟಿದರೂ ಕರಡಿ ಆನೆಯಾಗುವುದಿಲ್ಲ. ದೈತ್ಯ ತಳಿಯ ತೊಟ್ಟನ್ನು ಅಡ್ಡ ಕತ್ತರಿಸಿ ನೋಡಿದ ವಿಜ್ಞಾನಿಗಳು ಕಂಡದ್ದೂ ಇದನ್ನೇ: ಸಕ್ಕರೆ ಸಾಗಿಸುವ ಫ್ಲೋಯಂ ಅವುಗಳಲ್ಲಿ ಸಣ್ಣ ತಳಿಗಳಿಗಿಂತ ಬಹಳ ಹೆಚ್ಚು. ಬೀಜ ರಸ್ತೆಯನ್ನು ಅಗಲ ಮಾಡಿಕೊಟ್ಟಿದೆ. ಆ ರಸ್ತೆಯಲ್ಲಿ ಸಾಗಲು ಸರಕು ಬೇಡವೇ? ಸರಕು ಎಲೆಯಲ್ಲಿದೆ. ಎಲೆಯನ್ನು ಬೋಳಿಸಿದವನಿಗೆ ಉಳಿಯುವುದು ಖಾಲಿ ರಸ್ತೆ.

ಈ ಪತ್ರಕ್ಕೆ ಅವಸರವೇಕೆಂದರೆ, ನಿಮ್ಮ ಲೇಖನ ಓದಿದವರಲ್ಲಿ ಈಗ ಪಾತಿಯಲ್ಲಿ ಇಪ್ಪತ್ತು ಇಪ್ಪತ್ತೈದು ದಿನದ ಕಾಯಿ ಇಟ್ಟುಕೊಂಡವರು ಇಬ್ಬರಾದರೂ ಇರುತ್ತಾರೆ. ಕಾಯಿ ಅತಿ ವೇಗವಾಗಿ ಓಡುವ ದಿನಗಳು ಅವು. ಅವರು ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ಕತ್ತರಿ ಹಿಡಿದು ಇಳಿಯುವ ಮೊದಲು, ಚೌಕಟ್ಟಿನ ಆ ಮಾತಿಗೆ ಒಂದು ತಿದ್ದುಪಡಿಯನ್ನು ಅಷ್ಟೇ ದಪ್ಪಕ್ಷರದಲ್ಲಿ ಹಾಕಬೇಕೆಂದು ಕೋರುತ್ತೇನೆ. ಈಗಾಗಲೇ ಕತ್ತರಿಸಿದ್ದರೆ, ಉಳಿದ ಎಲೆಗಳನ್ನಾದರೂ ಮುಟ್ಟದಿರಲಿ, ಕಾಯಿಗೆ ನೆರಳು ಕಟ್ಟಲಿ, ಗಾಬರಿಯಾಗಿ ನೀರು ಸುರಿಯದಿರಲಿ. ಎಲೆ ಕಡಿಮೆಯಾದ ಗಿಡ ಮೊದಲಿನಷ್ಟು ನೀರು ಕುಡಿಯುವುದಿಲ್ಲ. ನಾನು ಅಂದು ಕಣ್ಣೀರಿನ ಜೊತೆ ಎರಡು ಬಕೆಟ್ ಹೆಚ್ಚೇ ಸುರಿದಿದ್ದೆ.

ನನ್ನ ಈ ವರ್ಷದ ಕಾಯಿಗೆ ಇಂದು ಹದಿನೇಳನೆಯ ದಿನ. ಸುತ್ತಳತೆ ನಲವತ್ತೊಂಬತ್ತು ಇಂಚು, ಇನ್ನೂ ಒಂದೇ ಟೇಪು ಸಾಕು. ನಿನ್ನೆಯೂ ಮೊನ್ನೆಯೂ ಈ ಪತ್ರ ಬರೆಯುತ್ತಾ ಕೂತು ಎಡಗಡೆಯ ಐದನೆಯ ಸಾಲಿಗೆ ಹೋಗಲೇ ಇಲ್ಲ. ಇಂದು ಬೆಳಿಗ್ಗೆ ನೋಡಿದರೆ ಅಲ್ಲಿ ಮೂವರು ಮೊಮ್ಮಕ್ಕಳು ಗೇಣುದ್ದ ಬೆಳೆದು ನಿಂತಿದ್ದಾರೆ. ಲಕೋಟೆ ಅಂಟಿಸಿ ಅತ್ತ ಹೋಗುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ದರ್ಜಿ